ಮಾರುವ ಮನೆಗೆ ಎಷ್ಟು ದುಡ್ಡು ಹಾಕಬೇಕು?

ಮನೆ ಮಾರೋಣ ಅಂತ ತೀರ್ಮಾನ ಆದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ಮೊದಲು ಫೋನ್ ಮಾಡುವುದು ಪೇಂಟರ್‌ಗೆ. ಆಮೇಲೆ ಬ್ರೋಕರ್‌ಗೆ. ವಕೀಲರ ನೆನಪಾಗುವುದು ಕೊಳ್ಳುವ ಪಾರ್ಟಿ ಸಿಕ್ಕಿ, ಅಡ್ವಾನ್ಸ್ ಕೈಗೆ ಬಂದ ಮೇಲೆ. ಈ ಸರದಿ ಪೂರ್ತಿ ತಿರುಗಬೇಕು. ಅದು ಯಾಕೆ ಅಂತ ಹೇಳಲಿಕ್ಕೇ ನಾನು ಇವತ್ತು ಈ ಸಭೆಗೆ ಬಂದಿರುವುದು.

ಬ್ಯಾಂಕುಗಳಿಗೆ ಮನೆಯ ಬೆಲೆ ಕಟ್ಟಿ ವರದಿ ಕೊಡುವುದು ನನ್ನ ಕೆಲಸ. ನೀವು ಮನೆಗೆ ಎಷ್ಟು ಸುರಿದಿದ್ದೀರಿ ಅನ್ನುವುದು ನಿಮಗೆ ಗೊತ್ತಿರುತ್ತದೆ. ಅದರಲ್ಲಿ ಎಷ್ಟು ನನ್ನ ವರದಿಗೆ ಬರುತ್ತದೆ ಅನ್ನುವುದು ನಿಮಗೆ ಗೊತ್ತಿರುವುದಿಲ್ಲ. ಇವೆರಡರ ನಡುವೆ ಇರುವ ಅಂತರದಲ್ಲಿ ಬಹಳ ಜನರ ದುಡ್ಡು ಮುಳುಗಿ ಹೋಗುತ್ತದೆ. ನಿವೃತ್ತಿಯಾದ ಮೇಲೆ ಕೂಡಿಟ್ಟ ದುಡ್ಡು ಅದು. ಅದಕ್ಕೇ ನನಗೆ ಸಂಕಟ.

ಒಂದು ಲೆಕ್ಕ ಹಾಕೋಣ. ಇದೇ ಮೈಸೂರಿನಲ್ಲಿ ಒಂದು 30x40 ಸೈಟು ಅಂತ ಇಟ್ಟುಕೊಳ್ಳಿ. ಅಂದರೆ 1,200 ಚದರಡಿ. ಆ ಬೀದಿಯಲ್ಲಿ ಚದರಡಿಗೆ 6,000 ರೂಪಾಯಿ ನಡೆಯುತ್ತಿದೆ ಅನ್ನಿ. ನೆಲದ ಬೆಲೆಯೇ 72 ಲಕ್ಷ ಆಯಿತು. ಅದರ ಮೇಲೆ 900 ಚದರಡಿಯ, 40 ವರ್ಷದ ಹಳೇ ಆರ್‌ಸಿಸಿ ಮನೆ ಇದೆ. ಅಷ್ಟನ್ನು ಇವತ್ತು ಹೊಸದಾಗಿ ಕಟ್ಟಲು ಚದರಡಿಗೆ 2,000 ಹಿಡಿದರೆ 18 ಲಕ್ಷ. ಆದರೆ ಕಟ್ಟಡಕ್ಕೆ 60 ವರ್ಷ ಆಯಸ್ಸು, ಕೊನೆಗೆ ಹತ್ತರಲ್ಲಿ ಒಂದು ಪಾಲು ಬೆಲೆ ಉಳಿಯುತ್ತದೆ ಅಂತ ಹಿಡಿದು ನಾವು ಸವಕಳಿ, ಅಂದರೆ ಹಳತಾದಂತೆ ಇಳಿಯುವ ಬೆಲೆ, ಕಳೆಯುತ್ತೇವೆ. 40 ವರ್ಷಕ್ಕೆ 100ರಲ್ಲಿ 60 ಪಾಲು ಹೋಯಿತು. ಉಳಿದದ್ದು 7 ಲಕ್ಷ 20 ಸಾವಿರ. ಒಟ್ಟು 79 ಲಕ್ಷ 20 ಸಾವಿರ. ನಿಮ್ಮ ಇಡೀ ಕಟ್ಟಡದ ಪಾಲು ಹತ್ತರಲ್ಲಿ ಒಂದೂ ಇಲ್ಲ ನೋಡಿ.

ಈಗ ನೀವು ಈ ಮನೆಗೆ ಆರು ಲಕ್ಷ ಹಾಕಿ ಮಾಡ್ಯುಲರ್ ಅಡುಗೆಮನೆ, ಫಾಲ್ಸ್ ಸೀಲಿಂಗ್, ವಾರ್ಡ್‌ರೋಬ್ ಎಲ್ಲ ಮಾಡಿಸಿದಿರಿ ಅನ್ನಿ. ನನ್ನ ವರದಿಯಲ್ಲಿ ನೆಲ ಅಷ್ಟೇ, ಕಟ್ಟಡದ ವಯಸ್ಸೂ ಅಷ್ಟೇ. ‘ನಿರ್ವಹಣೆ ಚೆನ್ನಾಗಿದೆ’ ಅಂತ ಒಂದು ಸಾಲು ಬರೆಯುತ್ತೇನೆ. ಅಲ್ಪಸ್ವಲ್ಪ ಹೆಚ್ಚಿಸಬಹುದು. ಆರು ಲಕ್ಷ ಮಾತ್ರ ಎಲ್ಲೂ ಕಾಣುವುದಿಲ್ಲ.

ವರದಿ ಹೋಗಲಿ, ಕೊಳ್ಳುವವರು ಕೊಡ್ತಾರಲ್ಲ ಅಂತ ನೀವು ಕೇಳಬಹುದು. ಕೊಡುವವರು ಯಾರು ಅಂತ ನೋಡಬೇಕು. ಬೆಂಗಳೂರಿನ ಜಯನಗರ, ರಾಜಾಜಿನಗರ, ಇಲ್ಲಿ ಕುವೆಂಪುನಗರ, ಸರಸ್ವತಿಪುರಂ, ಇಂಥ ಹಳೇ ಬಡಾವಣೆಗಳಲ್ಲಿ ಒಂದಂತಸ್ತಿನ ಮನೆ ನೋಡಲು ಬರುವವರಲ್ಲಿ ಬಹಳ ಜನ ಅದನ್ನು ಕೆಡವಿ ಕಟ್ಟುವವರು. ಅವರು ಒಳಗೆ ಬಂದರೂ ಗೋಡೆ ನೋಡುವುದಿಲ್ಲ. ರಸ್ತೆ ಎಷ್ಟು ಅಗಲ, ಸೈಟು ಯಾವ ದಿಕ್ಕಿಗೆ, ಮೂಲೆ ಸೈಟಾ ಅಂತ ನೋಡುತ್ತಾರೆ. ನಾಳೆ ಜೆಸಿಬಿ ಬರುವ ಮನೆಗೆ ನೀವು ಇವತ್ತು ಪುಟ್ಟಿ ಹಚ್ಚಿಸುತ್ತಿದ್ದೀರಿ. ಅದಕ್ಕೆ ಮೊದಲು ನಿಮ್ಮ ಬೀದಿಯಲ್ಲಿ ಒಂದು ಸುತ್ತು ಹಾಕಿ. ಈಚೆಗೆ ಮಾರಾಟವಾದ ಮನೆಗಳು ಈಗ ಹೇಗಿವೆ ನೋಡಿ. ಕೆಡವಿ ಮೂರಂತಸ್ತು ಎದ್ದಿದ್ದರೆ ನಿಮ್ಮ ಮನೆಯೂ ಸೈಟಿನ ಬೆಲೆಗೇ ಹೋಗುವುದು. ಅಂಥ ಮನೆಗೆ ಕಸ ತೆಗೆಸಿ, ಗಿಡಗಂಟಿ ಕಡಿಸಿ, ನಾಲ್ಕೂ ಮೂಲೆಯ ಗಡಿಕಲ್ಲು ಕಾಣುವ ಹಾಗೆ ಮಾಡಿ. ಸರ್ವೇಯರ್ ಕರೆಸಿ ಅಳತೆ ಹಾಕಿಸಿ. ಬಣ್ಣಕ್ಕೆ ಒಂದು ರೂಪಾಯಿಯೂ ಬೇಡ.

ಇನ್ನೊಬ್ಬರು ಇರುತ್ತಾರೆ. ಅದೇ ಮನೆಯಲ್ಲಿ ಸಂಸಾರ ಮಾಡಲು ಬರುವವರು. ಇವರ ಜೇಬು ಸ್ವಲ್ಪ ನೋಡೋಣ. ಒಂದು ಕೋಟಿಯ ಮನೆ ಅನ್ನಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 75 ಲಕ್ಷಕ್ಕಿಂತ ಮೇಲಿನ ಗೃಹಸಾಲವಾದರೆ ಬೆಲೆಯ ಶೇ. 75ಕ್ಕಿಂತ ಹೆಚ್ಚು ಕೊಡುವಂತಿಲ್ಲ. 30ರಿಂದ 75 ಲಕ್ಷದೊಳಗಿನ ಸಾಲಕ್ಕೆ ಶೇ. 80ರವರೆಗೆ ಕೊಡಬಹುದು. ಹಾಗಾಗಿ ಕೋಟಿಯ ಮನೆಗೆ ಹೆಚ್ಚೆಂದರೆ 75 ಲಕ್ಷ ಸಾಲ. 25 ಲಕ್ಷ ಕೈಯಿಂದ. ನೋಂದಣಿಯ ಖರ್ಚು ಇದರ ಮೇಲೆ. ನಮ್ಮ ರಾಜ್ಯದಲ್ಲಿ 45 ಲಕ್ಷ ದಾಟಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ. 5. ಆ ಶುಲ್ಕದ ಮೇಲೆ ಸೆಸ್, ಸರ್ಚಾರ್ಜ್. ನೋಂದಣಿ ಶುಲ್ಕ ಮೊದಲು ಶೇ. 1 ಇತ್ತು, 2025ರ ಆಗಸ್ಟ್ 31ರಿಂದ ಶೇ. 2 ಆಯಿತು. ನಗರದಲ್ಲಿ ಎಲ್ಲ ಸೇರಿ ಶೇ. 7.6. ಅಂದರೆ 7 ಲಕ್ಷ 60 ಸಾವಿರ. ಇದಕ್ಕೆ ಬ್ಯಾಂಕ್ ಸಾಲ ಸಿಗುವುದಿಲ್ಲ. ಅಲ್ಲಿಗೆ ಆ ದಂಪತಿ ಸ್ವಂತದ್ದು 32 ಲಕ್ಷಕ್ಕೂ ಜಾಸ್ತಿ ಹೊಂದಿಸಬೇಕು. ಪಿಎಫ್ ತೆಗೆದಿರುತ್ತಾರೆ, ಒಡವೆ ಇಟ್ಟಿರುತ್ತಾರೆ, ಅಪ್ಪನ ಹತ್ತಿರ ಕೇಳಿರುತ್ತಾರೆ.

ಇದರಿಂದ ನಮಗೆ ಎರಡು ವಿಷಯ ಗೊತ್ತಾಗುತ್ತದೆ. ನಿಮ್ಮ ಅಡುಗೆಮನೆ ಚೆನ್ನಾಗಿದೆ ಅಂತ ನೀವು ಐದು ಲಕ್ಷ ಏರಿಸಿ, ನನ್ನಂಥವನ ವರದಿಯಲ್ಲಿ ಅದು ಏರದಿದ್ದರೆ, ಆ ಐದು ಲಕ್ಷಕ್ಕೆ ಸಾಲ ಇಲ್ಲ. ಪೂರ್ತಿ ಕೈಯಿಂದ ಬರಬೇಕು. ಬರುವುದಿಲ್ಲ. ಇನ್ನೊಂದು ವಿಷಯ ಇದಕ್ಕೆ ಉಲ್ಟಾ. ಕೀಲಿ ಕೈಗೆ ಬಂದ ದಿನ ಅವರ ಹತ್ತಿರ ರಿಪೇರಿಗೆ ದುಡ್ಡೇ ಇರುವುದಿಲ್ಲ. ಹೋದ ದಿನವೇ ಸ್ನಾನ ಮಾಡಲು ಆಗಬೇಕು, ನಲ್ಲಿಯಲ್ಲಿ ನೀರು ಬರಬೇಕು, ಗೀಸರ್ ಹಾಕಿದರೆ ಶಾಕ್ ಹೊಡೆಯಬಾರದು, ಮಳೆ ಬಂದರೆ ಸೋರಬಾರದು. ಇಂಥ ಮನೆಗೆ ಅವರು ಚೌಕಾಸಿ ಕಡಿಮೆ ಮಾಡುತ್ತಾರೆ. ಆದ್ದರಿಂದ ನಿಮ್ಮ ದುಡ್ಡು ಹೋಗಬೇಕಾದದ್ದು ನೀರು, ಕರೆಂಟು, ತಾರಸಿ ಇವುಗಳ ಕಡೆಗೆ. ಚಂದದ ಕೆಲಸ ಅವರೇ ನಿಧಾನವಾಗಿ ಮಾಡಿಸಿಕೊಳ್ಳಲಿ. ನಿಮಗೆ ಇಷ್ಟವಾದ ಕಂದು ಬಣ್ಣದ ಲ್ಯಾಮಿನೇಟ್ ಅವರಿಗೆ ಇಷ್ಟ ಆಗಬೇಕು ಅಂತ ಏನಿದೆ?

ತೇವದ ಬಗ್ಗೆ ಸ್ವಲ್ಪ ಹೊತ್ತು ಮಾತಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮನೆ ನೋಡಲು ಬಂದವರು ಹೆದರುವುದು ಹಳೇ ಟೈಲ್ಸಿಗೆ ಅಲ್ಲ, ಸೀಲಿಂಗ್ ಮೇಲಿನ ಹಳದಿ ಕಲೆಗೆ. ಅಂಗೈಯಷ್ಟು ಕಲೆ ನೋಡಿದರೂ ಒಳಗೆ ಏನೇನು ಆಗಿದೆಯೋ ಅಂತ ಅವರ ಮನಸ್ಸು ಓಡುತ್ತದೆ. ಐವತ್ತು ಸಾವಿರದ ಕೆಲಸ ಇದ್ದರೆ ಐದು ಲಕ್ಷ ಇಳಿಸಿ ಅನ್ನುತ್ತಾರೆ. ಹಾಗಾಗಿ ಮೊದಲು ಮೂಲ ಹುಡುಕಿ.

ಬಾತ್‌ರೂಮಿನ ಕೆಳಗಿನ ಸೀಲಿಂಗ್ ಒದ್ದೆಯಾಗಿದೆ ಅನ್ನಿ. ಮೇಲೆ ಹೋಗಿ ನೆಲದ ಜಾಲರಿಯ ಬಾಯಿಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಬಟ್ಟೆ ಬಿಗಿಯಾಗಿ ತುರುಕಿ. ಒಂದಂಗುಲ ನೀರು ನಿಲ್ಲಿಸಿ. ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. 24 ಗಂಟೆ ಬಿಡಿ. ಆ ಬಾತ್‌ರೂಮ್ ಯಾರೂ ಬಳಸಬಾರದು. ಮಾರನೇ ದಿನ ನೀರು ಗೆರೆಗಿಂತ ಚೆನ್ನಾಗಿ ಇಳಿದು, ಕೆಳಗೆ ಕಲೆ ದೊಡ್ಡದಾಗಿದ್ದರೆ ನೆಲದ ವಾಟರ್‌ಪ್ರೂಫಿಂಗ್ ಹೋಗಿದೆ. ಇಳಿಯದೆ ಕೆಳಗೆ ತೇವ ಹಾಗೇ ಇದ್ದರೆ ಪೈಪಿನ ಕಡೆ ನೋಡಬೇಕು. ದಿನವಿಡೀ ಒಂದೇ ಸಮ ಒದ್ದೆ ಇದ್ದರೆ ನೀರು ಬರುವ ಪೈಪು, ಬಳಸಿದಾಗ ಮಾತ್ರ ಒದ್ದೆಯಾದರೆ ಹೊರಗೆ ಹೋಗುವ ಪೈಪು ಅಂತ ಸಾಮಾನ್ಯವಾಗಿ ಹಿಡಿಯಬಹುದು. ಈ ಪರೀಕ್ಷೆಗೆ ದುಡ್ಡು ಬೇಕಿಲ್ಲ. ಇದನ್ನು ಮಾಡದೆ ಇಡೀ ಬಾತ್‌ರೂಮ್ ಅಗೆಸಿದವರನ್ನು ನೋಡಿದ್ದೇನೆ. ಕೊನೆಗೆ ನೋಡಿದರೆ ಹೋಗಿದ್ದದ್ದು ಪೈಪಿನ ತಿರುವಿಗೆ ಹಾಕುವ ಒಂದು ಎಲ್ಬೋ.

ತಾರಸಿಯಲ್ಲೂ ಅಷ್ಟೇ. ಮಳೆನೀರು ಇಳಿಯುವ ಪೈಪಿನ ಬಾಯಲ್ಲಿ ಎಲೆ ಕಟ್ಟಿಕೊಂಡು ನೀರು ನಿಂತಿರುತ್ತದೆ. ಪ್ಯಾರಪೆಟ್ ಗೋಡೆ ತಾರಸಿಗೆ ಕೂಡುವ ಜಾಗದಲ್ಲಿ ಗಾರೆ ಬಿರುಕು ಬಿಟ್ಟಿರುತ್ತದೆ. ಮೇಸ್ತ್ರಿ ಎರಡು ದಿನ ಕೂತರೆ ಮುಗಿಯುವ ಕೆಲಸ ಇದು. ಬುಡದ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಉಪ್ಪು ಎದ್ದು ಬಣ್ಣ ಉದುರುತ್ತಿದೆಯಾ? ಅಲ್ಲಿ ಒಂದು ಚೌಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ, ಮಾರನೇ ದಿನ ನೋಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ನೀರು ಗೋಡೆಯ ಒಳಗಿಂದ ಬರುತ್ತಿದೆ. ಅದರ ಮೇಲೆ ಎಷ್ಟು ದುಬಾರಿ ಬಣ್ಣ ಬಳಿದರೂ ನಿಲ್ಲುವುದಿಲ್ಲ.

ಆದರೂ ಬಳಿಯುತ್ತಾರೆ. ಮಾರುವವರೆಗೆ ನಿಂತರೆ ಸಾಕು ಅಂತ. ದಯವಿಟ್ಟು ಆ ಕೆಲಸ ಮಾಡಬೇಡಿ. ಇದು ಬರೀ ಒಳ್ಳೆತನದ ಮಾತಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ತೆಗೆದು ನೋಡಿ. ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂಥ ದೊಡ್ಡ ದೋಷ ಇದ್ದರೆ ಅದನ್ನು ತಿಳಿಸಲೇಬೇಕು. ತಿಳಿಸದೆ ಬಿಟ್ಟರೆ ಅದು ವಂಚನೆ ಅಂತಲೇ ಅಲ್ಲಿ ಬರೆದಿದೆ. ನಿಮ್ಮ ಕೈಲಿ ಸರಿಮಾಡಿಸಲು ಆಗದಿದ್ದರೆ ಒಂದು ದಾರಿ ಇದೆ. ಕಂಟ್ರಾಕ್ಟರ್ ಹತ್ತಿರ ಎಸ್ಟಿಮೇಟ್ ಬರೆಸಿಕೊಳ್ಳಿ. ಮನೆ ನೋಡಲು ಬಂದವರ ಕೈಗೆ ಆ ಹಾಳೆ ಕೊಡಿ. ‘ಇಲ್ಲಿ ತೇವ ಇದೆ, ಸರಿಮಾಡಲು ಒಂದು ಲಕ್ಷ ಹತ್ತು ಸಾವಿರ ಅಂದಿದ್ದಾರೆ, ಅಷ್ಟನ್ನು ಬೆಲೆಯಲ್ಲಿ ಬಿಡ್ತೀನಿ’ ಅನ್ನಿ. ಅಂದಾಜಿಗೆ ಐದು ಲಕ್ಷ ಕೇಳುತ್ತಿದ್ದವರು ಆ ಹಾಳೆಯ ಮೇಲೆ ಮಾತಾಡುತ್ತಾರೆ. ನಿಮ್ಮ ಮೇಲೆ ನಂಬಿಕೆಯೂ ಬರುತ್ತದೆ.

ಇನ್ನು ಬಣ್ಣ. ವಾಸಕ್ಕೆ ಬರುವವರಿಗೆ ಮಾರುವುದಾದರೆ ಒಳಗಡೆ ಒಂದೇ ತಿಳಿ ಬಣ್ಣ ಹೊಡೆಸಿ. ಮಧ್ಯಮ ದರ್ಜೆಯದು ಸಾಕು. ಮಕ್ಕಳ ಕೋಣೆಗೆ ಗುಲಾಬಿ, ಹಾಲಿನ ಒಂದು ಗೋಡೆಗೆ ಕೆಂಪು, ಅದೆಲ್ಲ ಬೇಡ. ಹೊರಗಿನ ಬಣ್ಣ ಮಳೆ ನಿಂತು ಗೋಡೆ ಒಣಗಿದ ಮೇಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಟ್ಟಬೇಡಿ.

ನೆಲದ ಬಗ್ಗೆ ನನ್ನದೊಂದು ಕಳಕಳಿಯ ಮಾತು. ನಮ್ಮ ಊರಿನ ಹಳೇ ಮನೆಗಳಲ್ಲಿ ರೆಡ್ ಆಕ್ಸೈಡ್ ನೆಲ ಇದೆ. ದಶಕಗಟ್ಟಲೆ ಒರೆಸಿ ಒರೆಸಿ ಕನ್ನಡಿಯಂತಾಗಿದೆ. ಬಾಗಿಲ ಚೌಕಟ್ಟು ತೇಗದ್ದು. ಬ್ರೋಕರ್ ಬಂದು ‘ಸಾರ್, ಇದರ ಮೇಲೆ ವಿಟ್ರಿಫೈಡ್ ಟೈಲ್ಸ್ ಹಾಕಿಬಿಡಿ, ಮನೆ ಹೊಸದಾಗುತ್ತೆ’ ಅನ್ನುತ್ತಾರೆ. ಹಾಕಬೇಡಿ. ನೆಲ ಒಂದಂಗುಲ ಏರುತ್ತದೆ, ಬಾಗಿಲು ಕುಯ್ಯಬೇಕಾಗುತ್ತದೆ, ಹೊಸಿಲು ಹುದುಗಿ ಹೋಗುತ್ತದೆ. ಈಗ ಅಂಥ ನೆಲವನ್ನೇ ಹುಡುಕಿಕೊಂಡು ಬರುವವರಿದ್ದಾರೆ. ಹೊಸದಾಗಿ ಹಾಕಿಸೋಣ ಅಂದರೆ ಪಳಗಿದ ಕೈ ಸಿಗುವುದು ಕಷ್ಟ. ಚೆನ್ನಾಗಿ ತೊಳೆದು, ಒಣಗಿಸಿ, ಬಟ್ಟೆಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಾಕಿ ತಿಕ್ಕಿಸಿ. ಅಷ್ಟೇ ಖರ್ಚು. ಮೊಸಾಯಿಕ್ ಆದರೆ ಪಾಲಿಷ್ ಮಾಡಿಸಿ.

ವಾಸ್ತುವಿಗೆ ಅಂತ ಬಾಗಿಲು ತಿರುಗಿಸುವುದು, ಮೆಟ್ಟಿಲು ಒಡೆಯುವುದು ಮಾಡಬೇಡಿ. ಬರುವ ಪ್ರತಿಯೊಬ್ಬರೂ ತಮ್ಮದೇ ವಾಸ್ತು ಪಂಡಿತರನ್ನು ಕರೆತರುತ್ತಾರೆ, ಅವರ ಮಾತು ಬೇರೆಯೇ ಇರುತ್ತದೆ. ತಾರಸಿ ಮೇಲೆ ಶೀಟ್ ಹಾಕಿ ಒಂದು ರೂಮ್ ಎಬ್ಬಿಸಿದರೆ ಬೆಲೆ ಬರುತ್ತದೆ ಅನ್ನುವವರಿದ್ದಾರೆ. ಮಂಜೂರಾದ ನಕ್ಷೆಯಲ್ಲಿ ಇಲ್ಲದ್ದನ್ನು ನಾನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಬೆಲೆ ಬರುವುದಿರಲಿ, ‘ನಕ್ಷೆ ಉಲ್ಲಂಘನೆ’ ಅಂತ ಬರೆಯಬೇಕಾಗುತ್ತದೆ. ಆಗ ಸಾಲವೇ ತಡವಾಗುತ್ತದೆ.

ಫ್ಲ್ಯಾಟ್ ಇರುವವರಿಗೆ ಒಂದು ಮಾತು. ನೀವು ಬಿಲ್ಡರ್‌ನ ಹೊಸ ಫ್ಲ್ಯಾಟಿನ ಜೊತೆ ಹೊಳಪಿನಲ್ಲಿ ಪೈಪೋಟಿ ಮಾಡಬೇಡಿ, ಗೆಲ್ಲುವುದಿಲ್ಲ. ಕಟ್ಟುತ್ತಿರುವ ಫ್ಲ್ಯಾಟ್ ಕೊಂಡರೆ ಸಾಮಾನ್ಯವಾಗಿ ಶೇ. 5 ಜಿಎಸ್‌ಟಿ ಇದೆ. ನಿಮ್ಮಿಂದ ಕೊಂಡರೆ ಇಲ್ಲ. 80 ಲಕ್ಷಕ್ಕೆ 4 ಲಕ್ಷ ಉಳಿಯಿತು. ಇದನ್ನು ಬಾಯಿಬಿಟ್ಟು ಹೇಳಿ. ಫ್ಲ್ಯಾಟ್ ಮಾಲೀಕರ ಸಂಘದ ಬಾಕಿ ತೀರಿಸಿ, ಅವರಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ತೆಗೆದಿಟ್ಟುಕೊಳ್ಳಿ.

ಈಗ ಕಾಗದಪತ್ರ. ನನ್ನ ಕೇಳಿದರೆ ಇದೇ ನಿಜವಾದ ರಿಪೇರಿ. ಖಾತೆ, ಅಂದರೆ ಪಾಲಿಕೆಯ ಆಸ್ತಿ ದಾಖಲೆ, ತೀರಿಹೋದ ಅಪ್ಪನ ಹೆಸರಲ್ಲೇ ಇರುತ್ತದೆ. ಕ್ರಯಪತ್ರದಲ್ಲಿ ಒಂದು ಅಳತೆ, ಖಾತೆಯಲ್ಲಿ ಇನ್ನೊಂದು. ಯಾವಾಗಲೋ ತೀರಿಸಿದ ಸಾಲದ ಋಣ ಇಸಿಯಲ್ಲಿ, ಅಂದರೆ ಋಣಭಾರ ಪತ್ರದಲ್ಲಿ, ಇನ್ನೂ ಹಾಗೇ ಕೂತಿರುತ್ತದೆ. 2024ರ ಅಕ್ಟೋಬರ್‌ನಿಂದ ನಗರದ ಆಸ್ತಿಗಳ ನೋಂದಣಿಗೆ ಇ-ಖಾತಾ, ಅಂದರೆ ಆ ಖಾತೆಯ ಡಿಜಿಟಲ್ ರೂಪ, ಬೇಕೇ ಬೇಕು. ಅದಿಲ್ಲದೆ ಬಣ್ಣ ಹೊಡೆಸಿ, ಪಾರ್ಟಿ ಹಿಡಿದು, ಮೂರು ತಿಂಗಳ ಕರಾರು ಮಾಡಿಕೊಂಡರೆ ಆ ಮೂರು ತಿಂಗಳೂ ಕಚೇರಿ ಅಲೆಯುವುದರಲ್ಲೇ ಮುಗಿಯುತ್ತದೆ. ಪಾರ್ಟಿ ಕೈತಪ್ಪುತ್ತದೆ. ಮತ್ತೊಬ್ಬರು ಬರುವಷ್ಟರಲ್ಲಿ ಬಣ್ಣವೂ ಹಳತಾಗಿರುತ್ತದೆ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಇಸಿ ಮನೆಯಲ್ಲೇ ಕೂತು ತೆಗೆಯಬಹುದು. ತೆಗೆದು, ಒಬ್ಬ ವಕೀಲರಿಗೆ ಫೀಸು ಕೊಟ್ಟು ಓದಿಸಿ. ಮನೆಗೆ ಹಾಕುವ ಮೊದಲ ದುಡ್ಡು ಆ ಫೀಸೇ ಆಗಿರಲಿ.

ಅಣ್ಣತಮ್ಮ, ಅಕ್ಕತಂಗಿಯರ ಜಂಟಿ ಆಸ್ತಿಯಾದರೆ ಇನ್ನೂ ಎಚ್ಚರ ಬೇಕು. ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಪಾಲು. ದೇಶಕ್ಕೆಲ್ಲ ಇದು 2005ರಲ್ಲಿ ಬಂತು, ನಮ್ಮ ರಾಜ್ಯ 1994ರಲ್ಲೇ ತಿದ್ದುಪಡಿ ತಂದಿತ್ತು. ಅವರ ಸಹಿ ಬೇಕೇ ಬೇಕು. ಊರಲ್ಲಿ ಇರುವ ಮಗ ರಿಪೇರಿಗೆ ನಾಲ್ಕು ಲಕ್ಷ ಹಾಕುತ್ತಾನೆ. ಮನೆ ಮಾರಿದ ಮೇಲೆ ‘ಮೊದಲು ನನ್ನ ನಾಲ್ಕು ಲಕ್ಷ ತೆಗೆದು ಆಮೇಲೆ ಪಾಲು ಮಾಡೋಣ’ ಅನ್ನುತ್ತಾನೆ. ‘ನಿನಗೆ ಹಾಕು ಅಂದವರ್ಯಾರು?’ ಅಂತ ಅಕ್ಕ ಕೇಳುತ್ತಾಳೆ. ಅಲ್ಲಿಗೆ ಹಬ್ಬಕ್ಕೆ ಹೋಗಿ ಬರುವುದೂ ನಿಂತಿತು. ನಾಲ್ಕು ಲಕ್ಷಕ್ಕೆ ಸಂಬಂಧ ಮುರಿಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಎಷ್ಟು ಖರ್ಚು, ಯಾವುದಕ್ಕೆ, ಮಾರಿದ ಮೇಲೆ ಹೇಗೆ ಕಳೆಯುವುದು, ಇಷ್ಟನ್ನು ಕೆಲಸ ಶುರುವಾಗುವ ಮೊದಲೇ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಅಮೆರಿಕದಲ್ಲಿರುವ ತಂಗಿ ವಾಟ್ಸ್ಯಾಪ್‌ನಲ್ಲಿ ‘ಒಪ್ಪಿಗೆ’ ಅಂತ ಬರೆದರೂ ಪರವಾಗಿಲ್ಲ, ಏನೂ ಇಲ್ಲದಿರುವುದಕ್ಕಿಂತ ಮೇಲು.

ತೆರಿಗೆಯ ಬಗ್ಗೆ ಬಹಳ ಜನ ತಪ್ಪು ತಿಳಿದಿದ್ದಾರೆ. ‘ಖರ್ಚು ಮಾಡಿದರೆ ಟ್ಯಾಕ್ಸ್ ಉಳಿಯುತ್ತೆ’ ಅಂತ. 24 ತಿಂಗಳು ದಾಟಿದ ಮನೆ ಮಾರಿದರೆ ಬಂದ ಲಾಭದ ಮೇಲೆ ಈಗ ಶೇ. 12.5 ತೆರಿಗೆ. 2024ರ ಜುಲೈ 23ಕ್ಕೆ ಮೊದಲು ಕೊಂಡ ಮನೆಯಾದರೆ, ಭಾರತದಲ್ಲೇ ವಾಸವಿರುವವರು ಹಣದುಬ್ಬರದ ಲೆಕ್ಕ ಕಳೆದು ಶೇ. 20ರ ಪ್ರಕಾರ ಕಟ್ಟುವುದನ್ನೂ ಆರಿಸಿಕೊಳ್ಳಬಹುದು. ಅನಿವಾಸಿ ಮಕ್ಕಳಿಗೆ ಈ ಆಯ್ಕೆ ಇಲ್ಲ. ಲಾಭದಲ್ಲಿ ಕಳೆಯಬಹುದಾದದ್ದು ಹೊಸ ಕೋಣೆ, ಹೊಸ ಬಾತ್‌ರೂಮ್ ಇಂಥ ಸುಧಾರಣೆಯ ಖರ್ಚನ್ನು. ಅದೂ 2001ರ ಏಪ್ರಿಲ್ 1ರಿಂದ ಈಚಿನದು, ಬಿಲ್ ಇದ್ದದ್ದು. ಬಣ್ಣ, ಸಣ್ಣಪುಟ್ಟ ರಿಪೇರಿ ಸಾಮಾನ್ಯವಾಗಿ ಅದರಲ್ಲಿ ಬರುವುದಿಲ್ಲ. ಬಂತು ಅಂತಲೇ ಇಟ್ಟುಕೊಳ್ಳಿ. ಎರಡು ಲಕ್ಷ ಖರ್ಚು ಮಾಡಿದರೆ ಶೇ. 12.5ರಂತೆ 25 ಸಾವಿರ ಉಳಿಯಿತು. ಮಿಕ್ಕ ಒಂದು ಮುಕ್ಕಾಲು ಲಕ್ಷ ನಿಮ್ಮ ಕೈಯಿಂದಲೇ ಹೋಯಿತಲ್ವಾ?

ಸಭೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಎರಡು ಇಲ್ಲಿಗೆ ಸೇರಬೇಕು. ಒಬ್ಬರು, ಇಷ್ಟೆಲ್ಲ ಹೇಳಿದಿರಿ, ಎಷ್ಟು ಅಂತ ಒಂದು ಅಂಕಿ ಕೊಡಿ ಅಂದರು. ನನ್ನ ಅಂದಾಜು ಕೊಡುತ್ತೇನೆ, ಇದು ಯಾವ ಪುಸ್ತಕದ ನಿಯಮವೂ ಅಲ್ಲ. ವಾಸಕ್ಕೆ ಬರುವವರಿಗೆ ಮಾರುವ ಮನೆಯಾದರೆ ಒಟ್ಟು ಬೆಲೆಯ ಶೇ. 1ರೊಳಗೆ ಮುಗಿಸಲು ನೋಡಿ. ಸೋರುವುದು, ಹಳೇ ವೈರಿಂಗ್ ಇಂಥದ್ದು ಇದ್ದರೆ ಶೇ. 2. ಅದನ್ನು ದಾಟುತ್ತದೆ ಅನ್ನಿಸಿದರೆ ಕೆಲಸ ನಿಲ್ಲಿಸಿ, ಎಸ್ಟಿಮೇಟ್ ಹಾಳೆ ಕೊಟ್ಟು ಬೆಲೆಯಲ್ಲಿ ಬಿಡಿ. ಸೈಟಿನ ಬೆಲೆಗೆ ಹೋಗುವ ಮನೆಗೆ ಕಾಗದಪತ್ರ ಮತ್ತು ಸರ್ವೇ ಬಿಟ್ಟು ಬೇರೇನೂ ಬೇಡ.

ಹಿಂದೆ ಕೂತಿದ್ದ ಅಮ್ಮ ಒಬ್ಬರು, ಮನೆಯಲ್ಲಿ ಬಾಡಿಗೆಯವರಿದ್ದಾರೆ, ಖಾಲಿ ಮಾಡಿಸಿ ರಿಪೇರಿ ಮಾಡಿಸಲೇ, ಹಾಗೇ ತೋರಿಸಲೇ ಅಂತ ಕೇಳಿದರು. ಅಮ್ಮಾ, ಈಗ ಆಷಾಢ. ಈ ತಿಂಗಳು ಮನೆ ಕೊಳ್ಳುವ ಮಾತಾಡುವವರು ಕಡಿಮೆ. ಬಾಡಿಗೆಯವರು ಇರಲಿ, ಬಾಡಿಗೆ ಬರಲಿ. ಈ ಮಳೆಯಲ್ಲಿ ಎಲ್ಲೆಲ್ಲಿ ಸೋರುತ್ತದೆ ಅಂತ ಅವರನ್ನೇ ಕೇಳಿ ಗುರುತು ಹಾಕಿಕೊಳ್ಳಿ, ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರುವುದಿಲ್ಲ. ಅಷ್ಟರಲ್ಲಿ ನೀವು ಇ-ಖಾತಾ, ಇಸಿ ಮಾಡಿಸಿ. ದಸರೆಗೆ ಖಾಲಿ ಮಾಡಿಕೊಡಿ ಅಂತ ಈಗಲೇ ಬರವಣಿಗೆಯಲ್ಲಿ ತಿಳಿಸಿ, ಅವರ ಅಡ್ವಾನ್ಸ್ ದುಡ್ಡು ತೆಗೆದು ಬೇರೆ ಇಡಿ. ಖಾಲಿಯಾದ ಮೇಲೆ ತಾರಸಿ, ಪೈಪು, ಬಣ್ಣ ಇದೇ ಸರದಿಯಲ್ಲಿ ಮಾಡಿಸಿದರೆ ದೀಪಾವಳಿ ಹೊತ್ತಿಗೆ ತೋರಿಸಬಹುದು.